ಅವ್ವನ ಗೋಡೆ, ನಮ್ಮ ಟಿವಿ

ನಮ್ಮ ಹಾಲ್‌ನಿಂದ ನಗೆ ಕೇಳಿಸಿತೆಂದರೆ ಬಾಜು ಮನೆಯ ಚಾಚಾ ತಮ್ಮ ಹೆಂಡತಿಗೆ, "ಮತ್ತ ಸಾಯೂ ಮಾತು ತೆಗದಾರ ನೋಡು" ಎನ್ನುತ್ತಿದ್ದರಂತೆ. ಸುಳ್ಳಲ್ಲ. ಉಳಿದವರ ಮನೆಯಲ್ಲಿ ಹಾಲ್ ಸಿಂಗರಿಸುವಾಗ ಪರದೆಯ ಬಣ್ಣಕ್ಕೆ ಜಗಳವಾಗುತ್ತದೆ. ನಮ್ಮಲ್ಲಿ ಹೆಣವನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೆ ಆಯಿತು. ಅದೂ ಹೆಣವಾಗಬೇಕಾದವರೇ ಎದುರಿಗೆ ಕೂತು, ಚಹಾ ಕುಡಿಯುತ್ತ ಮಾಡಿದ ಜಗಳ.

ನಾನು ಸರಕಾರಿ ಸರ್ವೇಯರ್. ಖಾನಾಪುರ ತಾಲೂಕಿನ ಹೊಲ, ಗದ್ದೆ, ಕಾಡಂಚು ಅಳೆಯುವುದರಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಅಣ್ಣತಮ್ಮಂದಿರ ನಡುವೆ ಗಡಿಕಲ್ಲು ನೆಡಿಸಿ ಇಬ್ಬರಿಂದಲೂ ಬೈಸಿಕೊಂಡವನು. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸ್ವಂತದ್ದೊಂದು ಸಣ್ಣ ಮನೆ ಆಯಿತು. ಅದರ ಹಾಲ್ ಹತ್ತಡಿ ಅಗಲ, ಹನ್ನೊಂದಡಿ ಉದ್ದ. ಅಷ್ಟರಲ್ಲಿ ನಾನು, ನನ್ನ ಹೆಂಡತಿ, ನನ್ನ ಅವ್ವ ಮತ್ತು ಒಂದು ದೊಡ್ಡ ಟಿವಿ ಹಿಡಿಸಬೇಕಿತ್ತು. ನಾವು ಮೂವರು ಹೇಗೋ ಹಿಡಿಸುತ್ತಿದ್ದೆವು. ಟಿವಿ ಬಂದ ದಿನ ಅವ್ವ ಬಾಯಿ ತೆಗೆದಳು.

ಆಕೆಯ ಹಟಕ್ಕೆ ಕಾರಣವಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗೋಡೆಗೆ ಒರಗಿಸಿ, ತಲೆ ವಾಲದ ಹಾಗೆ ಬಟ್ಟೆಯ ಪಟ್ಟಿ ಕಟ್ಟಿ, ಹಣೆತುಂಬ ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಬಂದವರೆಲ್ಲ ಮುಖ ನೋಡಿ ಕೈಮುಗಿದು ಹೋಗುತ್ತಾರೆ. ಅಪ್ಪ ತೀರಿಕೊಂಡಾಗ ನಾವು ಹಿಂಡಲಗಾ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿನ ಹಾಲ್‌ನ ಒಳ್ಳೆಯ ಗೋಡೆಯನ್ನೆಲ್ಲ ಮನೆ ಮಾಲೀಕರ ಶೋಕೇಸು ನುಂಗಿಬಿಟ್ಟಿತ್ತು. ಗೋಡೆಗೇ ಸೇರಿಸಿ ಕಟ್ಟಿಸಿದ್ದು, ಅಲುಗಾಡಿಸುವ ಹಾಗಿಲ್ಲ, ನಡುವೆ ಟಿವಿ. ಕಡೆಗೆ ಅಪ್ಪನನ್ನು ಬಚ್ಚಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಕೂರಿಸಬೇಕಾಯಿತು. ಬಂದವರಿಗೆ ಕಂಡದ್ದು ಅಪ್ಪನ ಎಡಗಿವಿ ಮಾತ್ರ. ಬಚ್ಚಲಿಗೆ ಹೋಗುವವರು ಅಪ್ಪನಿಗೆ ಕೈಮುಗಿದು ದಾಟಿಕೊಂಡು ಹೋಗುತ್ತಿದ್ದರು. ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಅವರು ಅಂದು ಒಂಬತ್ತು ಸಲ ಕೈಮುಗಿದರು. "ಭಾವನ ಮ್ಯಾಲ ಎಷ್ಟ ಜೀವ ನೋಡ್ರಿ" ಎಂದು ಯಾರೋ ಅಂದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ. ಶೋಕೇಸನ್ನೇ ದುರುಗುಟ್ಟಿಕೊಂಡು ನೋಡುತ್ತ ಕೂತಿದ್ದಳು.

ಬುಕ್ ಆದ ಗೋಡೆ

ಟಿವಿಯನ್ನು ಗೋಡೆಗೆ ತೂಗುಹಾಕಲು ಅಂಗಡಿಯಿಂದ ಒಬ್ಬ ಫಿಟ್ಟರ್ ಬಂದ. ಡ್ರಿಲ್ ಮಷೀನಿನ ವೈರು ಬಿಚ್ಚಿ ಬಾಗಿಲ ಎದುರಿನ ಗೋಡೆಯ ಕಡೆ ತಿರುಗುವಷ್ಟರಲ್ಲಿ ಅವ್ವ ಅದೇ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಅಜ್ಜಿ, ಸ್ವಲ್ಪ ಸರೀರಿ. ತೂತ ಹೊಡೀಬೇಕು."

"ಇದು ನನ್ನ ಗ್ವಾಡಿ, ತಮ್ಮಾ. ನಾ ಸತ್ತ ದಿನ ಇಲ್ಲೇ ಕುಂದ್ರಾಕಿ."

ಫಿಟ್ಟರ್ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಅವನೂ ಒಳ್ಳೆಯ ಮನುಷ್ಯ. "ಅಲ್ಲಿತನಕ ಟಿವಿ ಇರಲಿ ಬಿಡ್ರಿ ಅಜ್ಜಿ, ಅವತ್ತ ತಗದರಾತು" ಎಂದ.

"ಅವತ್ತ ನೀ ಬರ್ತೀ ಏನು? ಕೆಟ್ಟ ಟಿವಿ ರಿಪೇರಿಗೆ ಕರದರ ನಾಕ ದಿನಾ ಬರೂದಿಲ್ಲ ನೀವು. ನಾ ಕೆಟ್ಟರ ನಾಕ ದಿನಾ ಇಡಾಕ ಬರತೈತೇನು?"

ಆಮೇಲೆ ನನ್ನ ಕಡೆ ತಿರುಗಿದಳು. "ಜೀವಮಾನದಾಗ ಒಂದ ದಿನ ಊರ ಮಂದಿ ನಮ್ಮನ್ನಷ್ಟ ನೋಡಾಕ ಅಂತ ಬರ್ತಾರ. ಅವತ್ತ ನಿಮ್ಮಪ್ಪ ಬಚ್ಚಲ ಬಾಜುಕ ಕುಂತ. ನಾ ಕುಂದ್ರೂದಿಲ್ಲ. ನನಗ ಬಾಗಲದ ಎದರಿನ ಗ್ವಾಡಿನ ಬೇಕು. ಟಿವಿ ಇಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಎತ್ತಾಕ ಬರೂ ಹಂಗ ಇಡ್ರಿ."

ಅಪ್ಪನ ಎಡಗಿವಿ ನೆನಪಾಯಿತು. ಟಿವಿಗೆ ಡಬ್ಬಿಯಲ್ಲಿ ಬಂದ ಎರಡು ಕಾಲು ಹಚ್ಚಿಸಿ, ಅದೇ ಗೋಡೆಯ ಮುಂದೆ ಹಳೇ ಕಬ್ಬಿಣದ ಟ್ರಂಕಿನ ಮೇಲೆ ನಿಲ್ಲಿಸಿದೆವು. ಫಿಟ್ಟರ್ ಹೋಗುವ ಮೊದಲು ಅಂಗಡಿಯ ಚೀಟಿ ತುಂಬಬೇಕಿತ್ತು. "ಗೋಡೆಗೆ ಹಾಕದಿರಲು ಕಾರಣ" ಎಂಬಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದ. ಕಡೆಗೆ ಬರೆದ: "ಗೋಡೆ ಮೊದಲೇ ಬುಕ್ ಆಗಿದೆ."

ಎರಡು ಮೊಳೆ

ಟಿವಿ ನಿಂತ ಮೇಲೆ ನನ್ನ ಹೆಂಡತಿ ಹಾಲ್ ಚಂದ ಮಾಡಲು ಟೊಂಕ ಕಟ್ಟಿದಳು. ಹೊಸ ಪರದೆ, ಪ್ಲಾಸ್ಟಿಕ್ ಬಳ್ಳಿ, ಜಲಪಾತದ ಒಂದು ಚಿತ್ರ. ಚಿತ್ರ ಹಾಕಲು ಜಾಗ ಹುಡುಕುವಾಗ ನೋಡಿದರೆ ಟಿವಿಯ ಹಿಂದಿನ ಗೋಡೆಗೆ ಆಗಲೇ ಎರಡು ಮೊಳೆ ಬಿದ್ದಿದ್ದವು. ಗೇಣುದ್ದದ ಮೊಳೆಗಳು, ನಡುವೆ ಮೊಳದ ಅಂತರ. ನಾವು ಇಲ್ಲದಾಗ ಅವ್ವ ಚಾಚಾನನ್ನು ಕರೆಸಿ ಹೊಡೆಸಿದ್ದಳು. ಚಾಚಾ ಸೋಫಾ, ಗಾದಿ ಮಾಡುವವರು. ಸುತ್ತಿಗೆ ಅವರ ಕೈಯಲ್ಲೇ ಇರುತ್ತದೆ.

"ಅಮ್ಮಾ ಹೊಡಿ ಅಂದ್ರು, ಹೊಡದೆ. ಯಾತಕ್ಕ ಅಂತ ಕೇಳಬಾರದಿತ್ತು. ಕೇಳಿದೆ. ಮಧ್ಯಾಹ್ನ ಊಟ ಸೇರಲಿಲ್ಲ" ಎಂದರು ಚಾಚಾ.

ತಲೆಯ ಪಟ್ಟಿ ಕಟ್ಟಲು ಆ ಮೊಳೆಗಳು. ನಾನು ಟೇಪು ಹಿಡಿದು ನೋಡಿ ತಪ್ಪು ಹುಡುಕಿದೆ. "ಅವ್ವಾ, ನೀ ನೆಲದ ಮ್ಯಾಲ ಕುಂತರ ಮೊಳಿ ಒಂದಡಿ ಮ್ಯಾಲಾದುವು."

"ನೀ ಹೊಲಾ ಅಳಿ. ನನ್ನ ಅಳತಿ ನನಗ ಬಿಡು" ಎಂದು ಅವ್ವ ಮುಖ ತಿರುಗಿಸಿದಳು.

ಹೆಂಡತಿ ಆ ಮೊಳೆಗಳಿಗೇ ಜಲಪಾತ ತೂಗುಹಾಕಿ ಮಾನ ಮುಚ್ಚಿಕೊಂಡಳು. ಮುಂದಿನ ವಾರ ಅವಳ ಅಕ್ಕ ಹೊಸ ಮನೆ ನೋಡಲು ಬಂದಳು. ಅವಲಕ್ಕಿ ತಟ್ಟೆ ಕೈಯಲ್ಲಿ ಹಿಡಿದು, "ಚಿತ್ರ ಛಲೋ ಐತಿ. ಆದ್ರ ಇಷ್ಟ ದೊಡ್ಡ ಮೊಳಿ ಯಾಕ ಬೇಕಿತ್ತು?" ಎಂದಳು. ಹೆಂಡತಿ, "ಟಿವಿ ವೈರಿಗೆ" ಎಂದು ಸುಳ್ಳು ಹೇಳುವಷ್ಟರಲ್ಲಿ ಅವ್ವ ಜಲಪಾತ ಇಳಿಸಿ, ಪಟ್ಟಿ ಹೇಗೆ ಕಟ್ಟುತ್ತಾರೆ, ಕಟ್ಟದಿದ್ದರೆ ತಲೆ ಹೇಗೆ ವಾಲುತ್ತದೆ, ಬಾಯಿ ಹೇಗೆ ತೆರೆದುಕೊಳ್ಳುತ್ತದೆ ಎಂದು ತನ್ನ ತಲೆಯನ್ನೇ ವಾಲಿಸಿ ತೋರಿಸಿದಳು. ಅಕ್ಕನ ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು.

ಆ ದಿನ ನನ್ನ ಹೆಂಡತಿ ಬಹಳ ಅತ್ತಳು. "ಮನಿ ಅಂತ ಒಂದು ಆತು. ಅದನ್ನೂ ಮಸಣ ಮಾಡಿ ಇಟ್ಟಾರ ನಿಮ್ಮವ್ವ" ಎಂದಳು. ನನಗೂ ಸಿಟ್ಟು ಬಂದಿತ್ತು. ಅವ್ವನಿಗೆ ನಾಲ್ಕು ಮಾತು ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಹೆಂಡತಿಯ ಅಕ್ಕನದೇ ಫೋನು ಬಂತು.

"ಅಜ್ಜಿ ಹೇಳಿದ್ದು ಖರೇ ಐತಿ ನೋಡು. ಮನಿಗೆ ಬಂದು ನಮ್ಮ ಅತ್ತೀಗೆ ಹೇಳಿದೆ. ನಮ್ಮ ಹಾಲಿಗೂ ಎರಡ ಮೊಳಿ ಹೊಡಸ್ಯಾರ."

ಅಳತೆಯ ದಿನ

ಹೆಂಡತಿಯ ಸಮಾಧಾನಕ್ಕೆಂದು ಸೋಫಾ ಮಾಡಿಸೋಣ ಎಂದೆ. ಅವಳಿಗೆ ಮೂಲೆಯಲ್ಲಿ ಎಲ್ ಆಕಾರಕ್ಕೆ ತಿರುಗುವ ಸೋಫಾ ಬೇಕಿತ್ತು. ನಾನು ನಕ್ಷೆ ಬರೆದೆ. ಗೋಡೆ ಅಳೆದೆ, ಮೂಲೆ ಅಳೆದೆ, ಟಿವಿಗೂ ಸೋಫಾಕ್ಕೂ ನಡುವಿನ ಅಂತರ ಅಳೆದೆ. ಚಾಚಾ ಸೋಫಾ ತಂದು ಇಟ್ಟರು. ಗೋಡೆಗೆ ಅಳೆದು ಕೂರಿಸಿದ ಹಾಗೆ ಬಂತು. ನಾನು ಎದೆಯುಬ್ಬಿಸಿ ನಿಂತೆ. ಚಾಚಾ ಹೊರಗೆ ಹೋಗಲು ಬಾಗಿಲು ತೆಗೆದರು. ಬಾಗಿಲು ಅರ್ಧ ತೆರೆದು ಸೋಫಾಕ್ಕೆ ಬಡಿದು ನಿಂತಿತು. ಇಡೀ ತಾಲೂಕು ಅಳೆದವನು ಬಾಗಿಲು ಒಳಗೆ ತೆರೆಯುತ್ತದೆಂಬುದನ್ನು ಮರೆತಿದ್ದೆ.

"ಅಡ್ಡಾಗಿ ಹೋಗಾಕ ಬರತೈತಿ ಬಿಡ್ರಿ" ಎಂದೆ.

"ನೀವು ಅಡ್ಡಾಗಿ ಹೋಗ್ರಿ" ಎಂದಳು ಅವ್ವ. "ನನ್ನ ಹೆಂಗ ಒಯ್ತೀರಿ? ಮಲಗಿದ ಹೆಣ ಆದ್ರ ಓರೆ ಮಾಡಿ ತೂರಸ್ತೀರಿ. ಕುಂತ ಹೆಣ ತಿರುಗಸಾಕ ಜಾಗ ಬೇಕು."

ಆಗುತ್ತದೆ ಎಂದೆ ನಾನು. ಆಗುವುದಿಲ್ಲ ಎಂದಳು ಅವ್ವ. ಮಾತಿಗೆ ಮಾತು ಬೆಳೆದು, ಪ್ಲಾಸ್ಟಿಕ್ ಕುರ್ಚಿ ತರಿಸಿ, ಗೋಡೆಯ ಮುಂದೆ ಇಟ್ಟು, ಸೆರಗು ಹೊದ್ದು ಕೂತುಬಿಟ್ಟಳು. "ಎತ್ರಿ. ನೋಡೇ ಬಿಡೂಣು."

ಮುಂದೆ ನಾನು, ಹಿಂದೆ ಚಾಚಾ. ಚಾಚಾ ಬಾಯಲ್ಲಿ ಅಲ್ಲಾನ ಹೆಸರು, ನನ್ನ ಬಾಯಲ್ಲಿ ಶಿವನ ಹೆಸರು. ಅವ್ವ ಹೆಣಕ್ಕೆ ತಕ್ಕಂತೆ ಕಣ್ಣು ಮುಚ್ಚಿ, ಕುತ್ತಿಗೆ ಸಡಿಲ ಬಿಟ್ಟು ಕೂತಿದ್ದಳು. ಸೋಫಾದ ಮೂಲೆಗೆ ಬಂದು ಕುರ್ಚಿ ಸಿಕ್ಕಿಕೊಂಡಿತು. ಅತ್ತ ಹೋಗದು, ಇತ್ತ ಬರದು. ಅದೇ ಹೊತ್ತಿಗೆ ಎದುರು ಮನೆಯಾಕೆ ಮೆಂತ್ಯೆ ಪಲ್ಯೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಕಂಡದ್ದು ಇಷ್ಟೇ: ಕಣ್ಣು ಮುಚ್ಚಿ ಕೂತ ಅಜ್ಜಿ, ಎತ್ತಿ ನಿಂತ ಇಬ್ಬರು ಗಂಡಸರು. ಪಲ್ಯೆ ಕೈಬಿಟ್ಟು ಎದೆ ಎದೆ ಬಡಿದುಕೊಂಡಳು.

"ಅಯ್ಯಯ್ಯೋ ನಮ್ಮವ್ವಾ! ನಿನ್ನೆ ಉಪ್ಪಿನಕಾಯಿ ಕೊಟ್ಟಾಕಿ ಇವತ್ತ ಹೆಂಗ ಹ್ವಾದೆವ್ವಾ! ಓಣಿಗೆ ದೊಡ್ಡಾಕಿ ಆಗಿದ್ದೆಲ್ಲವ್ವಾ! ಇನ್ನ ನನ್ನ ಕಷ್ಟಾ ಯಾರ ಮುಂದ ಹೇಳಲೆವ್ವಾ!"

ನಾನು ತಲೆ ಅಲ್ಲಾಡಿಸಿದೆ, ಆಕೆ ನೋಡಲಿಲ್ಲ. ಕುರ್ಚಿ ಬಿಟ್ಟರೆ ಅವ್ವ ಬೀಳುತ್ತಾಳೆ. ಅವ್ವನೋ, ಸುಮ್ಮನೆ ಕೇಳುತ್ತಿದ್ದಳು. ಎದುರು ಮನೆಯಾಕೆ ಉಸಿರು ತೆಗೆದುಕೊಳ್ಳಲು ನಿಂತಾಗ ಒಂದು ಕಣ್ಣು ತೆರೆದಳು.

"ಇವತ್ತಲ್ಲವಾ. ಇದು ಬರೇ ಅಳತಿ. ಆದ್ರ ಭಾಳ ಛಲೋ ಅತ್ತಿ. ಅವತ್ತೂ ಹಿಂಗ ಅಳು."

ಖಾನಾಪುರದ ಸ್ಟ್ಯಾಂಡು

ಚಾಚಾ ಸೋಫಾದ ಮೂಲೆ ಕತ್ತರಿಸಿ ನೆಟ್ಟಗೆ ಮಾಡಿಕೊಟ್ಟರು. ಉಳಿದದ್ದು ಟಿವಿಯ ಕೆಳಗಿನ ಟ್ರಂಕು. ಖಾನಾಪುರದಲ್ಲಿ ನನ್ನ ಕಚೇರಿಯ ಹತ್ತಿರವೇ ಒಬ್ಬ ಹಳೇ ಬಡಿಗೇರ ಕಾಕಾ ಇದ್ದಾರೆ. ಮನೆಯಲ್ಲಿ ಮರಾಠಿ, ಗಿರಾಕಿಯ ಕೂಡ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಕೈಯಲ್ಲಿ ಒಂದು ಸ್ಟ್ಯಾಂಡು ಮಾಡಿಸುತ್ತೇನೆ ಎಂದೆ. ನಾನೂ ಬರುತ್ತೇನೆ ಎಂದಳು ಅವ್ವ. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಟಿವಿಯ ಅಳತೆಯ ಚೀಟಿಯನ್ನು ಕಾಕಾನ ಕೈಗೆ ಕೊಟ್ಟು, ಅವ್ವನನ್ನು ಅಲ್ಲೇ ಕೂರಿಸಿ ಕಚೇರಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಇಬ್ಬರೂ ಚಹಾ ಕುಡಿಯುತ್ತ ಹಳೇ ಗೆಳೆಯರ ಹಾಗೆ ಮಾತಾಡುತ್ತಿದ್ದರು. ನನ್ನ ಚೀಟಿ ಕೆಳಗೆ ಕಟ್ಟಿಗೆಯ ಹೊಟ್ಟಿನಲ್ಲಿ ಬಿದ್ದಿತ್ತು.

ತಿಂಗಳ ಮೇಲೆ ಟೆಂಪೋದಲ್ಲಿ ಸ್ಟ್ಯಾಂಡು ಬಂತು. ಹಲಸಿನ ಕಟ್ಟಿಗೆಯದು. ಒಂದಡಿ ಎತ್ತರ, ಒಳ್ಳೇ ಅಗಲ. ಡ್ರಾಯರ್ ಇಲ್ಲ, ಕಪಾಟಿಲ್ಲ. ಎರಡೂ ಬದಿಗೆ ಎರಡೆರಡು ಕಬ್ಬಿಣದ ಹಿಡಿಕೆ. ಇಳಿಸಲು ನಾಲ್ಕು ಜನ ಬೇಕಾಯಿತು. ಒಬ್ಬರೇ ಎತ್ತಬಹುದಾದ ಟಿವಿ ಅದರ ಮೇಲೆ ಅಪ್ಪನ ಚಪ್ಪಲಿ ಹಾಕಿಕೊಂಡ ಕೂಸಿನ ಹಾಗೆ ಕಂಡಿತು.

"ಇದರ ಮ್ಯಾಲ ಟಿವಿ ಇಡೂದೋ, ಪಂಚಾಯತಿ ಕೂಡಸೂದೋ?" ಎಂದಳು ಹೆಂಡತಿ. ಆಮೇಲೆ ಸಿಟ್ಟಿನಲ್ಲೇ ಒಂದು ಹಿಡಿಕೆಗೆ ರಿಮೋಟಿನ ಚೀಲ ತೂಗುಹಾಕಿದಳು.

ಅವ್ವ ಮಾತ್ರ ಸ್ಟ್ಯಾಂಡನ್ನು ಅಂಗೈಯಿಂದ ಸವರಿ, "ಗಟ್ಟಿ ಐತಿ" ಎಂದಳು. ಅಷ್ಟೇ.

ನಾನು ಕಾಕಾಗೆ ಫೋನು ಹಚ್ಚಿ ಕೂಗಾಡಿದೆ. "ಅಳತಿ ಪೂರಾ ತಪ್ಪೈತಿ. ನಾ ಕೊಟ್ಟ ಚೀಟಿ ನೋಡೀರೋ ಇಲ್ಲೋ?"

ಅಳತೆಗೆ ಮಾಪ ಎನ್ನುವ ಕಾಕಾ ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದರು. "ಮಾಪ ಬರೋಬರ ಐತಿ ಸಾಹೇಬ್ರ. ನೀವು ಅಳದ ಹೊಲದ ಮ್ಯಾಲ ಕೋರ್ಟಿನಾಗ ಎಷ್ಟ ಕೇಸ ನಡದಾವ ನೋಡ್ಕೋರಿ. ನಾ ಮಾಡಿದ ಸ್ಟ್ಯಾಂಡಿನ ಮ್ಯಾಲ ಇನ್ನೂ ಒಂದೂ ಇಲ್ಲ."

ಅವಸರ

ಟಿವಿ ಬಂದು ಮೂರನೇ ವರ್ಷಕ್ಕೆ ಅವ್ವನಿಗೆ ಎದೆ ಹಿಡಿದುಕೊಂಡಿತು. ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಎಂಟು ದಿನ. ಡಾಕ್ಟರು ನನ್ನನ್ನು ಬದಿಗೆ ಕರೆದು, ಹೃದಯ ಬಹಳ ಸೋತಿದೆ, ಮನೆಗೆ ಕರೆದೊಯ್ದು ಚೆನ್ನಾಗಿ ನೋಡಿಕೊಳ್ಳಿ ಎಂದರು. ಅರ್ಥವಾಯಿತು. ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಅವಳು ತಟ್ಟನೆ ಫೋನಿಟ್ಟಳು.

ಅವ್ವನನ್ನು ಕರೆದುಕೊಂಡು ಬಂದಾಗ ಹಾಲ್ ಬೇರೆಯೇ ಆಗಿತ್ತು. ಟಿವಿ, ಸ್ಟ್ಯಾಂಡು ಅಡುಗೆಮನೆಗೆ ಹೋಗಿದ್ದವು. ಜಲಪಾತ ಇಳಿದಿತ್ತು. ಗೋಡೆ ಒರೆಸಿ, ನೆಲ ಸಾರಿಸಿ, ಎಲ್ಲ ಖಾಲಿ. ಮೂರು ವರ್ಷ ಜಗಳಾಡಿದ ನನ್ನ ಹೆಂಡತಿ ಯಾರೂ ಹೇಳದೆ, ಅಳುತ್ತ, ಚಾಚಾನನ್ನೂ ಓಣಿಯ ಹುಡುಗರನ್ನೂ ಕರೆಸಿ ಅಷ್ಟನ್ನೂ ಮಾಡಿದ್ದಳು.

ಅವ್ವ ಹೊಸ್ತಿಲಲ್ಲಿ ನಿಂತಳು. ಖಾಲಿ ಗೋಡೆ ನೋಡಿದಳು. ಸೊಸೆಯನ್ನು ನೋಡಿದಳು.

"ಇಷ್ಟ ಅವಸರ ಏನಿತ್ತಬೇ?" ಎಂದಳು. "ಹತ್ತ ನಿಮಿಷಕ್ಕ ನನ್ನ ಧಾರಾವಾಹಿ ಚಾಲೂ ಆಗತೈತಿ."

ಮಾಪ

ಅದಾದ ನಾಲ್ಕನೇ ತಿಂಗಳು, ಒಂದು ಬೆಳಿಗ್ಗೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟು, ಅವ್ವ ಹೋಗಿಬಿಟ್ಟಳು. ಬಟ್ಟಲಲ್ಲಿ ಒಂದು ಗುಟುಕು ಚಹಾ ಉಳಿದಿತ್ತು. ಅದನ್ನು ಚೆಲ್ಲಲು ನನಗೆ ಮನಸ್ಸಾಗಲಿಲ್ಲ.

ಟಿವಿಯನ್ನು ಸ್ಟ್ಯಾಂಡಿನ ಸಮೇತ ಎತ್ತಿ ಅಡುಗೆಮನೆಗೆ ಸಾಗಿಸಿದೆವು. ಎರಡು ನಿಮಿಷದ ಕೆಲಸ. ಅವ್ವ ಹೇಳಿದಂತೆಯೇ ಆಯಿತು. ಮಠದ ಅಯ್ಯನವರು ಬಂದರು, ವಿಭೂತಿ ಹಚ್ಚಿದರು. ಚಾಪೆ ಹಾಸಿ, ಬಾಗಿಲಿನ ಎದುರಿನ ಗೋಡೆಗೆ ಒರಗಿಸಿ ಅವ್ವನನ್ನು ಕೂರಿಸಿದೆವು. ಪಟ್ಟಿ ಕಟ್ಟಲು ಹೋದರೆ ಮೊಳೆ ಎಟುಕಲಿಲ್ಲ. ಒಂದಡಿ ಮೇಲೆ. ತಲೆ ಒಂದು ಕಡೆ ವಾಲುತ್ತಲೇ ಇತ್ತು. ನಾನು ಕೈಯಿಂದ ಹಿಡಿದುಕೊಂಡು ಕೂತೆ. ಮೂರು ವರ್ಷ ಆಕೆ ಬೇಡಿಕೊಂಡದ್ದು ಇಷ್ಟೇ ಆಗಿತ್ತು, ಅದನ್ನೂ ನಾನು ಕೆಡಿಸಿದೆ ಅನ್ನಿಸಿ ಸಂಕಟವಾಯಿತು. ಹಾಲ್ ತುಂಬ ಹೆಂಗಸರು ಕೂತಿದ್ದರು. ಬಾಗಿಲಿಗೆ ಬಂದವರಿಗೆ ಅವರ ತಲೆಗಳಷ್ಟೇ ಕಾಣುತ್ತಿದ್ದವು. ಎದುರು ಮನೆಯಾಕೆ ಅಂಗಳದಲ್ಲಿ ನಿಂತು ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು, ಅಳುತ್ತಿರಲಿಲ್ಲ. ಚಾಚಾನ ಕೈಲಿ ಕೇಳಿಸಿದಳಂತೆ: "ಇವತ್ತ ಖರೇನಾ?"

ಹನ್ನೊಂದರ ಹೊತ್ತಿಗೆ ಖಾನಾಪುರದಿಂದ ಬಡಿಗೇರ ಕಾಕಾ ಬಂದರು. ನನ್ನ ಕಚೇರಿಯವರು ಸುದ್ದಿ ಮುಟ್ಟಿಸಿದ್ದರು. ಬಾಗಿಲಲ್ಲಿ ನಿಂತು, ಹೆಂಗಸರ ತಲೆಗಳ ಮೇಲಿಂದ ಇಣುಕಿ, ಅವ್ವನನ್ನು ಹುಡುಕಿ, ನನ್ನ ಮೇಲೆ ಹರಿಹಾಯ್ದರು.

"ಸಾಹೇಬ್ರ, ಅಜ್ಜೀನ ನೆಲದ ಮ್ಯಾಲ ಯಾಕ ಕುಂದರಸೀರಿ? ಸ್ಟ್ಯಾಂಡ್ ಎಲ್ಲೈತಿ?"

"ಯಾವ ಸ್ಟ್ಯಾಂಡ್ರಿ?"

"ಟಿವಿ ಸ್ಟ್ಯಾಂಡ್! ಅದು ಟಿವಿದ ಅಂತ ತಿಳಕೊಂಡೀರೇನು?"

ಸೀದಾ ಅಡುಗೆಮನೆಗೆ ಹೋಗಿ ಟಿವಿಯನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಸ್ಟ್ಯಾಂಡನ್ನು ಮಗ್ಗುಲಿಗೆ ಹೊರಳಿಸಿದರು. ಕೆಳಗಡೆ ಪೆನ್ಸಿಲ್ಲಿನಿಂದ ಬರೆದಿತ್ತು: ಅಜ್ಜಿ ಮಾಪ. ಅದರ ಕೆಳಗೆ ಅಂಕಿಗಳು.

"ಅವತ್ತ ಹಲಗಿ ಮ್ಯಾಲ ಕುಂತು ತಾನ ಮಾಪ ಕೊಟ್ಲು. ನೆಲದ ಮ್ಯಾಲ ಕುಂತರ ಮುಂದಿನವರ ತಲಿ ಅಡ್ಡ ಬರ್ತಾವ, ನಾ ಗೇಟಿನಿಂದ ಕಾಣಬೇಕು ಅಂದ್ಲು. ಮಗಾ ಮರಗ್ತಾನ, ಅವಗ ಹೇಳಬ್ಯಾಡ, ಅಲ್ಲಿತನಕ ಟಿವಿ ಕುಂದರಲಿ ಅಂದ್ಲು" ಎನ್ನುತ್ತ ಕಾಕಾ ಟವೆಲಿನಿಂದ ಕಣ್ಣೊರೆಸಿಕೊಂಡರು.

ನಾಲ್ಕು ಹಿಡಿಕೆ ಹಿಡಿದು ಸ್ಟ್ಯಾಂಡು ಹಾಲ್‌ಗೆ ತಂದೆವು. ರಿಮೋಟಿನ ಚೀಲವನ್ನು ನನ್ನ ಹೆಂಡತಿ ಬಿಚ್ಚಿದಳು. ಅವ್ವನನ್ನು ಎತ್ತಿ ಕೂರಿಸಿದೆವು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಮೊಳೆಗಳು ಸರಿಯಾಗಿ ಕಿವಿಯ ಮಟ್ಟಕ್ಕೆ ಬಂದವು. ಪಟ್ಟಿ ಕಟ್ಟಿದೆವು, ತಲೆ ನೆಟ್ಟಗೆ ನಿಂತಿತು. ಹೊರಗಿನಿಂದ ಚಾಚಾ ಕೂಗಿ ಹೇಳಿದರು, "ಅಮ್ಮಾ ಗೇಟಿನಿಂದಾನ ಕಾಣ್ತಾರ್ರೀ!" ಆಗ ಎದುರು ಮನೆಯಾಕೆಗೂ ಕಂಡಿತು. ಅಳತೆಯ ದಿನಕ್ಕಿಂತ ಜೋರಾಗಿ ಅತ್ತಳು. ನಾನೂ ಅತ್ತೆ.

ಎಲ್ಲ ಮುಗಿದು ಹನ್ನೊಂದನೇ ದಿನ ನಮ್ಮ ಸೋದರಮಾವ, "ಹೆಣಾ ಕುಂತದ್ದು ಮನ್ಯಾಗ ಇಡಬಾರದು, ಒಗೀರಿ ಅದನ್ನ" ಎಂದರು.

"ಹಂಗಾದ್ರ ಈ ಹಾಲನ್ನೂ ಒಗೀರಿ ಮಾವಾರ" ಎಂದಳು ನನ್ನ ಹೆಂಡತಿ. "ಅತ್ತಿ ಕುಂತದ್ದು ಇಲ್ಲೇ." ಸ್ಟ್ಯಾಂಡು ತೊಳೆದು ಒರೆಸಿ, ಟಿವಿಯನ್ನು ತಾನೇ ಅದರ ಮೇಲಿಟ್ಟಳು.

ಮೊನ್ನೆ ರವಿವಾರ ಮಧ್ಯಾಹ್ನ ಹಾಲ್‌ನಲ್ಲಿ ನಾನೊಬ್ಬನೇ ಇದ್ದೆ. ಏನನ್ನಿಸಿತೋ, ಟಿವಿಯನ್ನು ಸೋಫಾದ ಮೇಲಿಟ್ಟು, ಆ ಸ್ಟ್ಯಾಂಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗೋಡೆಗೆ ಒರಗಿದೆ. ಬಾಗಿಲು, ಅಂಗಳ, ಗೇಟು, ರಸ್ತೆ, ಎಲ್ಲ ಕಂಡಿತು. ಒಳ್ಳೆಯ ಜಾಗವನ್ನೇ ಆರಿಸಿದ್ದಳು ಅವ್ವ. ಆದರೆ ಎರಡೂ ಮೊಣಕಾಲು ಹೊರಗೆ ಉಳಿದವು. ಜಾಗ ನಾಲ್ಕು ಬೆರಳು ಕಡಿಮೆ ಬಿತ್ತು. ಅಲ್ಲಿಂದಲೇ ಕಾಕಾಗೆ ಫೋನು ಹಚ್ಚಿದೆ.

"ಕಾಕಾ, ಇನ್ನೊಂದ ಸ್ಟ್ಯಾಂಡ್ ಬೇಕಾಗೇತಿ. ನಂದು ಮಾಪ ಬರಕೋರಿ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ. ಬೈಯುತ್ತಾಳೆ ಎಂದು ಇಳಿಯಲು ಹೋದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನಿಗೆ ಕೇಳಿಸುವ ಹಾಗೆ ಹೇಳಿದಳು.

"ನಿಮ್ಮದ ಯಾಕ ಕೊಡ್ತೀರಿ? ನನ್ನ ಮಾಪ ಕೊಡ್ರಿ. ನಾ ನಿಮಗಿಂತ ದಪ್ಪ ಅದೀನಿ. ನನಗ ಹಿಡಸಿದರ ನಿಮಗೂ ಹಿಡಸತೈತಿ. ಯಾರ ಮೊದಲ ಹ್ವಾದ್ರೂ ನಡೀತೈತಿ."

ಫೋನಿನ ಆ ತುದಿಯಲ್ಲಿ ಕಾಕಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಅಷ್ಟ ದೊಡ್ಡದು ಮಾಡಬೌದು ಸಾಹೇಬ್ರ. ಆದ್ರ ಮಂದಿ ಕಣ್ಣಿಗೆ ಬೀಳಬಾರದು ಅಂದ್ರ, ನೀವು ಇನ್ನೂ ದೊಡ್ಡ ಟಿವಿ ತಗೋಬೇಕಾಗತೈತಿ."